ಅಚ್ಚೊತ್ತುವ ಹವ್ಯಾಸಕ್ಕೊಂದು ಔಷಧ ಚೀಟಿ

"ಏನಾದರೊಂದು ಹವ್ಯಾಸ ಬೆಳೆಸಿಕೊಳ್ಳಿ."

ವೈದ್ಯರಾದ ನಾವು ದಿನಕ್ಕೆ ಹತ್ತು ಸಲವಾದರೂ ಹೇಳುವ ಮಾತಿದು. ನಿವೃತ್ತರಾದವರಿಗೆ, ಮಕ್ಕಳು ದೂರದೂರಿಗೆ ಹೋದ ಮೇಲೆ ಮನೆಯಲ್ಲಿ ಒಂಟಿಯಾದ ತಾಯಂದಿರಿಗೆ, ನಿದ್ರೆ ಬರುವುದಿಲ್ಲ ಎನ್ನುವವರಿಗೆ, ಎಲ್ಲ ಪರೀಕ್ಷೆಗಳೂ ಸರಿಯಾಗಿದ್ದರೂ "ಏನೋ ಒಂಥರಾ ಡಾಕ್ಟ್ರೇ" ಎನ್ನುವವರಿಗೆ ಇದೇ ಮಾತನ್ನು ಹೇಳಿ ಮುಂದಿನ ರೋಗಿಯನ್ನು ಕರೆಯುತ್ತೇವೆ. ಈ ಸಲಹೆ ಎಷ್ಟು ಟೊಳ್ಳು ಎಂಬುದನ್ನು ನನಗೆ ತಿಳಿಸಿಕೊಟ್ಟವರು ಅಂಚೆ ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ಒಬ್ಬ ಹಿರಿಯರು.

ಪತ್ನಿ ತೀರಿಕೊಂಡು ಒಂದು ವರ್ಷವಾಗಿತ್ತು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ರಾತ್ರಿ ಒಂದು ಗಂಟೆಯವರೆಗೆ ಟಿ.ವಿ., ಮೂರು ಗಂಟೆಗೆಲ್ಲಾ ಎಚ್ಚರ. ಊಟ ಸೇರುತ್ತಿರಲಿಲ್ಲ. ಸೊಸೆಯೇ ಕರೆದುಕೊಂಡು ಬಂದಿದ್ದರು. ಪರೀಕ್ಷಿಸಿ, ಕೆಲವು ದಿನಗಳಿಗಾಗುವಷ್ಟು ನಿದ್ರೆ ಮಾತ್ರೆ ಬರೆದುಕೊಟ್ಟು, ಮೇಲಿನ ಮಾತನ್ನೂ ಹೇಳಿ ಕಳುಹಿಸಿದೆ. ತಿಂಗಳು ಕಳೆದು ಮತ್ತೆ ಮಾತ್ರೆ ಕೇಳಿಕೊಂಡು ಬಂದರು.

"ಹವ್ಯಾಸ ಏನಾದರೂ ಶುರು ಮಾಡಿದಿರಾ?" ಎಂದು ಕೇಳಿದೆ.

"ಡಾಕ್ಟ್ರೇ, ಮಾತ್ರೆಗೆ ನೀವು ಚೀಟಿ ಬರೆದುಕೊಟ್ಟಿರಿ. ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಊಟಕ್ಕೆ ಮುಂಚೆಯೋ ಆಮೇಲೋ, ಎಲ್ಲಾ ಬರೆದಿರಿ. ಹವ್ಯಾಸಕ್ಕೆ ಮಾತ್ರ ಬಾಯಲ್ಲಿ ಹೇಳಿ ಕಳಿಸಿದಿರಿ. ನನಗೆ ಹಾಡೋಕೆ ಬರಲ್ಲ, ಚಿತ್ರ ಬರೆಯೋಕೆ ಬರಲ್ಲ. ಬರೋದು ಒಂದೇ, ಮೊಹರು ಹೊಡೆಯೋದು!"

ಅವರು ನಕ್ಕರು, ನಾನೂ ನಕ್ಕೆ. ಆದರೆ ಆ ಮಾತಿನಲ್ಲಿ ನ್ಯಾಯವಿತ್ತು, ದಾರಿಯೂ ಇತ್ತು. ಮಗಳು ಶಾಲೆಗೆ ಹೋಗುತ್ತಿದ್ದ ಕಾಲದಿಂದ ನನಗೂ ಕಾಗದದ ಮೇಲೆ ಅಚ್ಚೊತ್ತುವ ಹುಚ್ಚು ಸ್ವಲ್ಪ ಇದೆ. ಅವರ ಚೀಟಿಯನ್ನೇ ತಿರುಗಿಸಿ ಹಿಂಬದಿಯಲ್ಲಿ ಹೀಗೆ ಬರೆದುಕೊಟ್ಟೆ: ಬೆಂಡೆಕಾಯಿ ಎರಡು, ಆಲೂಗಡ್ಡೆ ಒಂದು, ಮೊಮ್ಮಗಳ ಬಣ್ಣದ ಡಬ್ಬಿ, ಹಳೆಯ ಲಗ್ನಪತ್ರಿಕೆಗಳು. ಸಂಜೆ ಅರ್ಧ ಗಂಟೆ. ವಾರಕ್ಕೊಂದು ಕಾರ್ಡು, ಯಾರಾದರೂ ಒಬ್ಬರ ವಿಳಾಸಕ್ಕೆ.

ಹವ್ಯಾಸಕ್ಕೂ ಹೀಗೆ ಚೀಟಿ ಬೇಕು ಎಂಬುದು ನನ್ನ ಅಭಿಪ್ರಾಯ. ಏನು, ಎಷ್ಟು, ಯಾವಾಗ, ಯಾರಿಗಾಗಿ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದ ಹವ್ಯಾಸದ ಸಲಹೆ "ಚೆನ್ನಾಗಿರಿ" ಎಂದು ಹರಸಿದಂತೆ. ಹರಕೆಯಿಂದ ಯಾರಿಗೂ ನಿದ್ರೆ ಬರುವುದಿಲ್ಲ.

ಅಚ್ಚೇ ಏಕೆ?

ಅಚ್ಚು ನಮ್ಮ ಮನೆಗಳಿಗೆ ಹೊಸದಲ್ಲ. ಸಂಕ್ರಾಂತಿ ಬಂತೆಂದರೆ ಮರದ ಅಚ್ಚಿಗೆ ಪಾಕ ಎರೆದು ಸಕ್ಕರೆ ಅಚ್ಚು ತೆಗೆಯುತ್ತೇವೆ. ರಾಜಸ್ಥಾನದ ಬಗರು, ಸಾಂಗಾನೇರ್‌ಗಳಲ್ಲಿ ಮರದ ಅಚ್ಚಿನಿಂದ ಬಟ್ಟೆಗೆ ಬಣ್ಣ ಒತ್ತುವ ಕಸುಬು ಇಂದಿಗೂ ನಡೆದಿದೆ. ರಬ್ಬರಿನ ಅಚ್ಚು ಮಾತ್ರ ಈಚಿನದು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ. 1860ರ ದಶಕದ ಹೊತ್ತಿಗೆ ರಬ್ಬರ್ ಸ್ಟ್ಯಾಂಪ್ ಅಲ್ಲಿ ಬಳಕೆಗೆ ಬಂತು. ಕಚೇರಿಯ ಮೇಜಿನ ಮೇಲಿದ್ದ ಈ ವಸ್ತುವನ್ನು ಹೂವು, ಎಲೆ, ಹಕ್ಕಿಗಳ ಚಿತ್ರವಾಗಿ ಮಾಡಿ ಶುಭಾಶಯ ಪತ್ರಗಳಿಗೆ ಒತ್ತುವ ಹವ್ಯಾಸ ಬೆಳೆದದ್ದು ಆಮೇಲೆ.

ಈ ಹವ್ಯಾಸವನ್ನೇ ನಾನು ಸೂಚಿಸಲು ಮೂರು ಕಾರಣಗಳಿವೆ.

ಮೊದಲನೆಯದು, ಇದಕ್ಕೆ ಚಿತ್ರಕಲೆ ಬರಬೇಕಾಗಿಲ್ಲ. "ನನ್ನಿಂದಾಗದು" ಎಂಬ ಅಂಜಿಕೆಯೇ ಹವ್ಯಾಸದ ಮೊದಲ ಶತ್ರು. ಅಚ್ಚಿನಲ್ಲಿ ಮೊದಲ ದಿನವೇ ಕಣ್ಣಿಗೆ ಕಾಣುವಂಥದ್ದೊಂದು ಮೂಡುತ್ತದೆ.

ಎರಡನೆಯದು, ಕೈಗೆ ಇದು ಹದವಾದ ಕೆಲಸ. ಹಿಡಿಯುವುದು, ಒತ್ತುವುದು, ನೇರವಾಗಿ ಎತ್ತುವುದು, ಒರೆಸುವುದು, ಕತ್ತರಿಸುವುದು ಇವೆಲ್ಲ ಬೆರಳಿಗೂ ಕಣ್ಣಿಗೂ ಹೊಂದಾಣಿಕೆ ಬೇಡುತ್ತವೆ. ಗಮನ ಕೈಯ ಮೇಲಿರುವಷ್ಟು ಹೊತ್ತು ಮನಸ್ಸು ಹಳೆಯ ಚಿಂತೆಯನ್ನು ಮೆಲುಕು ಹಾಕುವುದು ಕಡಿಮೆ.

ಮೂರನೆಯದೇ ಮುಖ್ಯ. ಹೀಗೆ ಮಾಡಿದ ಕಾರ್ಡು ಮನೆಯಲ್ಲೇ ಉಳಿಯುವುದಿಲ್ಲ, ಯಾರಿಗೋ ಹೋಗಲೇಬೇಕು. ಪದಬಂಧ ಬಿಡಿಸಿದರೆ ಅದು ನಮ್ಮಲ್ಲೇ ಮುಗಿಯುತ್ತದೆ. ಕಾರ್ಡು ಮಾಡಿದರೆ ಒಂದು ಹೆಸರನ್ನು ನೆನೆಯಬೇಕು, ವಿಳಾಸ ಹುಡುಕಬೇಕು, ಎರಡು ಸಾಲು ಬರೆಯಬೇಕು. ಒಂಟಿತನದಿಂದ ಕುಗ್ಗಿದವರಿಗೆ ಬೇಕಾದದ್ದು ಈ ಕೊನೆಯ ಮೂರು ಕೆಲಸಗಳೇ.

ಸಂಶೋಧನೆ ಏನು ಹೇಳುತ್ತದೆ?

ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. 39 ಮಂದಿ ವಯಸ್ಕರು 45 ನಿಮಿಷ ಬಣ್ಣದ ಪೆನ್ನು, ಜೇಡಿಮಣ್ಣು, ಕಾಗದದ ಚೂರುಗಳಿಂದ ತಮಗೆ ತೋಚಿದ್ದನ್ನು ಮಾಡಿದರು. ಮೊದಲು ಮತ್ತು ನಂತರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳೆಯಲಾಯಿತು. ಒತ್ತಡದ ಸಮಯದಲ್ಲಿ ದೇಹದಲ್ಲಿ ಹೆಚ್ಚುವ ಹಾರ್ಮೋನು ಇದು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಕಲೆಯಲ್ಲಿ ಪಳಗಿದವರಿಗೂ ಹೊಸಬರಿಗೂ ಇದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಹೋಲಿಕೆಗೆ ಸುಮ್ಮನೆ ಕುಳಿತ ಇನ್ನೊಂದು ಗುಂಪನ್ನು ಇಟ್ಟಿರಲಿಲ್ಲವಾದ್ದರಿಂದ ಇದನ್ನು ಕೊನೆಯ ಮಾತೆಂದು ತಿಳಿಯಬಾರದು.

2023ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಅಧ್ಯಯನ ದೊಡ್ಡದು. 16 ದೇಶಗಳ, 65 ವರ್ಷ ಮೀರಿದ 93 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಅದು ಒಟ್ಟುಗೂಡಿಸಿತ್ತು. ಹವ್ಯಾಸವಿರುವವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆ, ಬದುಕಿನ ಬಗ್ಗೆ ತೃಪ್ತಿ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಆ ಹದಿನಾರರಲ್ಲಿ ಭಾರತ ಇರಲಿಲ್ಲ. ಜೊತೆಗೆ, ಹವ್ಯಾಸದಿಂದ ಮನಸ್ಸು ಚೆನ್ನಾಗಿದೆಯೋ, ಮನಸ್ಸು ಚೆನ್ನಾಗಿರುವುದರಿಂದ ಹವ್ಯಾಸ ಉಳಿದಿದೆಯೋ ಎಂಬುದನ್ನು ಇಂಥ ಅಧ್ಯಯನದಿಂದ ಪೂರ್ತಿ ಬಿಡಿಸಿ ಹೇಳಲಾಗದು. ಹಾಗಿದ್ದರೂ, ಖರ್ಚಿಲ್ಲದ, ಜಾಗ್ರತೆಯಿಂದ ಮಾಡಿದರೆ ಅಪಾಯವೂ ಇಲ್ಲದ ಕೆಲಸವೊಂದನ್ನು ಶಿಫಾರಸು ಮಾಡಲು ನನಗೆ ಇಷ್ಟು ಆಧಾರ ಸಾಕು.

ಮೊದಲ ವಾರ: ತರಕಾರಿ ಬುಟ್ಟಿಯಿಂದ

ಮೊದಲ ತಿಂಗಳು ಅಂಗಡಿಗೆ ಹೋಗಬೇಡಿ. ಬೆಂಡೆಕಾಯಿಯನ್ನು ಅಡ್ಡಲಾಗಿ ಕತ್ತರಿಸಿದರೆ ಐದು ದಳದ ಹೂವು ಸಿದ್ಧ. ಹಾಗಲಕಾಯಿಯ ಬಿಲ್ಲೆಗೆ ಅಂಚಿನಲ್ಲಿ ಕುಚ್ಚು ಕಟ್ಟಿದಂತಿರುತ್ತದೆ. ಅಡ್ಡ ಕೊಯ್ದ ಈರುಳ್ಳಿಯಲ್ಲಿ ಒಂದರೊಳಗೊಂದು ಬಳೆಗಳು. ಆಲೂಗಡ್ಡೆಯನ್ನು ಎರಡು ಹೋಳು ಮಾಡಿ ಎಲೆಯನ್ನೋ ನಕ್ಷತ್ರವನ್ನೋ ಉಬ್ಬಾಗಿ ಉಳಿಸಿ ಸುತ್ತಲಿನ ಭಾಗವನ್ನು ಕೊರೆದು ತೆಗೆಯಬಹುದು. ಕತ್ತರಿಸಿದ ಮುಖವನ್ನು ಬಟ್ಟೆಯಿಂದ ಒತ್ತಿ, ಹತ್ತು ನಿಮಿಷ ಆರಲು ಬಿಡಿ. ತರಕಾರಿಯ ನೀರು ಉಳಿದರೆ ಬಣ್ಣ ಹರಡುತ್ತದೆ.

ಇಂಕ್ ಪ್ಯಾಡ್ ಸಹ ಮನೆಯಲ್ಲೇ ಆಗುತ್ತದೆ. ತಟ್ಟೆಯಲ್ಲಿ ನಾಲ್ಕು ಮಡಿಕೆಯ ಹತ್ತಿ ಬಟ್ಟೆ ಇಟ್ಟು, ಮಕ್ಕಳ ಪೋಸ್ಟರ್ ಬಣ್ಣವನ್ನು ಮಜ್ಜಿಗೆಗಿಂತ ಸ್ವಲ್ಪ ಗಟ್ಟಿಯಾಗಿ ಕದಡಿ ಅದರ ಮೇಲೆ ಸುರಿಯಿರಿ. ಕಾಗದಕ್ಕೆ ಲಗ್ನಪತ್ರಿಕೆಯ ಖಾಲಿ ಬದಿ ಬಹಳ ಒಳ್ಳೆಯದು. ಆದರೆ ಮಿರಮಿರ ಹೊಳೆಯುವ ಪತ್ರಿಕೆ ಬೇಡ. ಅದು ನೀರಿನ ಬಣ್ಣವನ್ನು ಹೀರುವುದಿಲ್ಲ. ನನ್ನ ಮೊದಲ ಕಾರ್ಡು ಅಂಥದೊಂದರ ಮೇಲೆಯೇ ಆಗಿತ್ತು. ಅರ್ಧ ದಿನ ಬಿಟ್ಟು ಮುಟ್ಟಿದರೂ ಹೂವೆಲ್ಲ ಬೆರಳಿಗೆ ಬಂತು!

ಒತ್ತುವ ಕ್ರಮ ಹೀಗೆ. ಗಟ್ಟಿಯಾದ ಮೇಜಿನ ಮೇಲೆ ನಾಲ್ಕೈದು ಹಾಳೆ ಹಳೆಯ ದಿನಪತ್ರಿಕೆ ಹಾಸಿ, ಅದರ ಮೇಲೆ ಕಾಗದವಿಡಿ. ಅಚ್ಚನ್ನು ಪ್ಯಾಡಿನ ಮೇಲೆ ಎರಡು ಮೂರು ಸಲ ಮೆಲ್ಲಗೆ ತಟ್ಟಿ. ಉಜ್ಜಬೇಡಿ, ಉಜ್ಜಿದರೆ ಸಂದಿಗಳಲ್ಲಿ ಬಣ್ಣ ತುಂಬಿಕೊಳ್ಳುತ್ತದೆ. ಕಾಗದದ ಮೇಲೆ ನೇರವಾಗಿ ಇಳಿಸಿ, ಸಮನಾಗಿ ಒತ್ತಿ. ಅತ್ತಿತ್ತ ತೊನೆದಾಡಿಸಿದರೆ ಅಂಚು ಎರಡೆರಡಾಗಿ ಮೂಡುತ್ತದೆ. ಇನ್ನೊಂದು ಕೈಯಿಂದ ಕಾಗದವನ್ನು ಹಿಡಿದುಕೊಂಡು ಅಚ್ಚನ್ನು ನೇರವಾಗಿ ಮೇಲೆತ್ತಿ. ಪ್ರತಿ ಸಲವೂ ಮೊದಲು ರದ್ದಿ ಕಾಗದದ ಮೇಲೆ ಒತ್ತಿ ನೋಡುವುದು ಒಳ್ಳೆಯ ಅಭ್ಯಾಸ.

ಎರಡನೆಯ ಹಂತ: ಅಳಿಸುವ ರಬ್ಬರು

ತರಕಾರಿಯ ಅಚ್ಚು ಒಂದು ದಿನದ್ದು. ಬಹುಕಾಲ ಬಾಳುವ ಅಚ್ಚು ಬೇಕೆಂದರೆ ಪೆನ್ಸಿಲ್ ಅಳಿಸುವ ದೊಡ್ಡ ಬಿಳಿ ರಬ್ಬರು ಸಾಕು. ಕಾಗದದ ಮೇಲೆ ಮೆತ್ತನೆಯ ಪೆನ್ಸಿಲ್ಲಿನಿಂದ ಚಿತ್ರ ಬರೆದು, ಆ ಮುಖವನ್ನು ರಬ್ಬರಿನ ಮೇಲೆ ಮಗುಚಿ ಉಗುರಿನಿಂದ ಉಜ್ಜಿದರೆ ಚಿತ್ರ ರಬ್ಬರಿಗೆ ಇಳಿಯುತ್ತದೆ. ಹೀಗೆ ಮಾಡಿದಾಗ ಕೊನೆಗೆ ಒತ್ತಿದ ಚಿತ್ರ ನೀವು ಬರೆದಂತೆಯೇ ನೆಟ್ಟಗೆ ಬರುತ್ತದೆ. ರಬ್ಬರಿನ ಮೇಲೆ ನೇರವಾಗಿ ಅಕ್ಷರ ಬರೆದು ಕೆತ್ತಿದರೆ ಮಾತ್ರ ಅದು ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡುತ್ತದೆ. ಹೆಸರು ಕೆತ್ತುವವರು ಇದನ್ನು ಮರೆಯಬಾರದು.

ಕೆತ್ತುವಾಗ ಗೆರೆಯ ಬುಡ ಅಗಲವಾಗಿರಲಿ. ಚಾಕುವನ್ನು ಚಿತ್ರದಿಂದ ಹೊರಕ್ಕೆ ಇಳಿಜಾರಾಗಿ ಹಿಡಿದರೆ ಹಾಗೆ ಬರುತ್ತದೆ. ಬುಡ ಸಣಕಲಾದರೆ ಒತ್ತುವಾಗ ಗೆರೆ ಮಡಚಿಕೊಳ್ಳುತ್ತದೆ.

ಇಷ್ಟೆಲ್ಲಾ ಆದ ಮೇಲೂ ಆಸಕ್ತಿ ಉಳಿದಿದ್ದರೆ ಆಗ ಅಂಗಡಿಗೆ ಹೋಗಿ. ಮರದ ಹಿಡಿಯ ರಬ್ಬರ್ ಸ್ಟ್ಯಾಂಪುಗಳಿವೆ. ಪಾರದರ್ಶಕ ಅಚ್ಚುಗಳೂ ಇವೆ. ಇವನ್ನು ಅಕ್ರಿಲಿಕ್ ತುಂಡಿಗೆ ಅಂಟಿಸಿಕೊಂಡು ಒತ್ತುವುದರಿಂದ ಚಿತ್ರ ಎಲ್ಲಿ ಕೂರುತ್ತದೆಂಬುದು ಮೊದಲೇ ಕಾಣುತ್ತದೆ. ಶಾಯಿಯಲ್ಲೂ ಎರಡು ಬಗೆ ತಿಳಿದಿದ್ದರೆ ಸಾಕು. ಡೈ ಇಂಕ್ ತೆಳು, ಬೇಗ ಒಣಗುತ್ತದೆ, ಬಿಸಿಲಿಗೆ ಮಾಸುತ್ತದೆ. ಪಿಗ್ಮೆಂಟ್ ಇಂಕ್ ದಪ್ಪ, ಬಣ್ಣ ಗಾಢ, ಒಣಗುವುದು ನಿಧಾನ. ಕಚೇರಿಯ ನೇರಳೆ ಪ್ಯಾಡಿನಿಂದ ಕಲಿಯಬಹುದಾದರೂ ಮೆತ್ತನೆಯ ಕಾಗದದಲ್ಲಿ ಅದು ಹರಡುತ್ತದೆ. ಕೆಲಸ ಮುಗಿದ ಕೂಡಲೇ ಒದ್ದೆ ಬಟ್ಟೆಯಿಂದ ಅಚ್ಚನ್ನು ಒರೆಸಿಡಿ. ಮರದ ಹಿಡಿಯದನ್ನು ನೀರಿನಲ್ಲಿ ನೆನೆಹಾಕಬೇಡಿ, ಅಂಟು ಬಿಡುತ್ತದೆ.

ಒಂದು ಅಚ್ಚು, ಒಂದು ಶಾಯಿ. ಮೂರು ತಿಂಗಳಿಗೆ ಇಷ್ಟೇ ಸಾಕು. ಕೊಳ್ಳುವುದೇ ಹವ್ಯಾಸವಾಗಿಬಿಟ್ಟರೆ ಕಪಾಟು ತುಂಬುತ್ತದೆ, ಕೈ ಖಾಲಿಯಾಗಿಯೇ ಉಳಿಯುತ್ತದೆ.

ವೈದ್ಯನಾಗಿ ನನ್ನ ಎಚ್ಚರಿಕೆಗಳು

1. ಹೆಬ್ಬೆರಳಿನಿಂದ ಒತ್ತಬೇಡಿ, ಅಂಗೈಯ ಬುಡದಿಂದ ಒತ್ತಿ. ದೊಡ್ಡ ಅಚ್ಚಾದರೆ ಎದ್ದು ನಿಂತು ಮೈಭಾರ ಬಿಡಿ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಬದಿಯಲ್ಲಿ ನೋವು ಬಂದರೆ ಕೆಲವು ದಿನ ನಿಲ್ಲಿಸಿ. ಸಂಧಿವಾತವಿರುವವರು ಅಚ್ಚಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರೆ ಹಿಡಿತ ಸುಲಭ.

2. ನೆಲದ ಮೇಲೆ ಬಗ್ಗಿ ಕೂರಬೇಡಿ. ಮೇಜು ಮೊಣಕೈ ಎತ್ತರಕ್ಕಿರಲಿ, ಬೆಳಕು ಸಾಕಷ್ಟಿರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಕಿಟಕಿಯಾಚೆ ನೋಡಿ.

3. ಸಕ್ಕರೆ ಕಾಯಿಲೆಯಿಂದ ಬೆರಳು ಜೋಮು ಹಿಡಿಯುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ಚಾಕುವಿನ ಕೆಲಸವನ್ನು ಮನೆಯವರಿಗೆ ಬಿಡಿ. ಒತ್ತುವುದಷ್ಟನ್ನೇ ನೀವು ಮಾಡಿ. ಉಳಿದವರೂ ಕತ್ತರಿಸುವಾಗ ಚಾಕುವಿನ ಮುಂದೆ ಇನ್ನೊಂದು ಕೈ ಇಡಬೇಡಿ.

4. ಮಕ್ಕಳಿಗೆ ನೀರಿನಲ್ಲಿ ಕರಗುವ ಬಣ್ಣ ಮಾತ್ರ ಕೊಡಿ. ಪ್ಲಾಸ್ಟಿಕ್, ಗಾಜಿನ ಮೇಲೆ ನಿಲ್ಲುವ ಘಾಟು ವಾಸನೆಯ ಶಾಯಿಗಳು ಅವರಿಗೆ ಬೇಡ. ದೊಡ್ಡವರೂ ಅವನ್ನು ಕಿಟಕಿ ತೆರೆದಿಟ್ಟೇ ಬಳಸಬೇಕು. ಉಬ್ಬಸವಿರುವವರು ಅವುಗಳಿಂದ ದೂರವಿರುವುದು ಮೇಲು. ಅಚ್ಚು ತೊಳೆಯಲು ಪೆಟ್ರೋಲ್, ಥಿನ್ನರ್ ಕೂಡದು. ಅಚ್ಚನ್ನು ಮೈಗೆ, ಮುಖಕ್ಕೆ ಒತ್ತಿಕೊಳ್ಳುವ ಆಟವನ್ನೂ ತಡೆಯಿರಿ.

5. ಮೂರು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಸಣ್ಣ ಅಚ್ಚು, ರಬ್ಬರಿನ ಚೂರುಗಳನ್ನು ಕೈಗೆಟುಕುವಂತೆ ಇಡಬೇಡಿ. ಬಾಯಿಗೆ ಹೋದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

6. ಪುಡಿ ಉದುರಿಸಿ ಬಿಸಿಗಾಳಿಯಿಂದ ಕರಗಿಸಿ ಚಿತ್ರವನ್ನು ಉಬ್ಬಿಸುವ ವಿಧಾನವೂ ಇದೆ. ಅದಕ್ಕೆ ಬಳಸುವ ಹೀಟ್ ಗನ್ ಕೂದಲು ಒಣಗಿಸುವ ಯಂತ್ರಕ್ಕಿಂತ ಬಹಳ ಬಿಸಿ. ಹೊಸಬರು, ಮಕ್ಕಳು ಅದರ ಗೊಡವೆಗೆ ಹೋಗದಿರುವುದು ಕ್ಷೇಮ.

ಮನೆಯವರಿಗೆ ಒಂದು ಮಾತು

ಹವ್ಯಾಸಗಳು ಸಾಯುವುದು ಸಾಮಾನು ಸಿಗದೆ ಅಲ್ಲ, ಮನೆಯವರ ಮಾತಿನಿಂದ. ಕೆಲಸವಿಲ್ಲದ ಬಡಗಿಯ ಗಾದೆ ಎಲ್ಲರಿಗೂ ಗೊತ್ತು. ಅರವತ್ತೈದರ ಅಜ್ಜ ಬೆಂಡೆಕಾಯಿ ಹಿಡಿದು ಕುಳಿತರೆ ಆ ಗಾದೆ ಯಾರ ಬಾಯಿಗಾದರೂ ಬಂದೇ ಬರುತ್ತದೆ. ದಯವಿಟ್ಟು ನುಂಗಿಕೊಳ್ಳಿ. "ಇದರಿಂದ ಏನು ಲಾಭ?" ಎಂದೂ ಕೇಳಬೇಡಿ. ಲಾಭ ನೋಡದೆ ಮಾಡುವುದಕ್ಕೇ ಹವ್ಯಾಸವೆಂದು ಹೆಸರು. ಹಾಗೆಯೇ, ಮಕ್ಕಳ ಕೈಗೆ ಅಚ್ಚು ಕೊಟ್ಟು ಮರುದಿನವೇ ಸ್ಪರ್ಧೆಗೆ ಹೆಸರು ಬರೆಸಬೇಡಿ. ಒತ್ತಿದ ಪ್ರತಿ ಹೂವನ್ನೂ ಮೊಬೈಲಿನಲ್ಲಿ ಹಿಡಿದು ಹತ್ತು ಗುಂಪುಗಳಿಗೆ ಕಳುಹಿಸುವುದೂ ಬೇಡ. ನೂರು ಮಂದಿಗೆ ತೋರಿಸಿದ ಚಿತ್ರಕ್ಕಿಂತ ಒಬ್ಬರ ಕೈ ಸೇರಿದ ಕಾರ್ಡು ಮೇಲು ಎಂಬುದು ನನ್ನ ಅನುಭವ.

ಆ ಹಿರಿಯರ ವಿಷಯಕ್ಕೆ ಬರುತ್ತೇನೆ. ಮೊದಲ ಎರಡು ವಾರ ಅವರು ಏನನ್ನೂ ಮಾಡಲಿಲ್ಲ. ಮೂರನೇ ವಾರ ಮೊಮ್ಮಗಳು ಬಣ್ಣ ಕದಡಿಟ್ಟು ಹಟ ಹಿಡಿದಳಂತೆ. ಮೊದಲ ಕಾರ್ಡು ಹೋದದ್ದು ಜೊತೆಯಲ್ಲಿ ಕೆಲಸ ಮಾಡಿ ಬೇರೆ ಊರಿಗೆ ಹೋಗಿ ನೆಲೆಸಿದ್ದ ಹಳೆಯ ಗೆಳೆಯರಿಗೆ. ಹಲವು ವರ್ಷಗಳಿಂದ ಇಬ್ಬರಿಗೂ ಮಾತಿರಲಿಲ್ಲ. ಜಗಳವಾಡಿ ಅಲ್ಲ, ಸುಮ್ಮನೆ ಬಿಟ್ಟುಹೋಗಿತ್ತು. ಕಾರ್ಡು ತಲುಪಿದ ದಿನವೇ ಅವರಿಂದ ಫೋನು ಬಂತು. ಈಗ ಪ್ರತಿ ಭಾನುವಾರ ಮಾತಾಡುತ್ತಾರೆ.

"ಮೂವತ್ತೈದು ವರ್ಷ ಬೇರೆಯವರ ಕಾಗದಕ್ಕೆ ಮೊಹರು ಹೊಡೆದೆ ಡಾಕ್ಟ್ರೇ. ನಾನೇ ಒಬ್ಬರಿಗೆ ಬರೆದದ್ದು ಕಡಿಮೆ," ಎಂದರು ಮುಂದಿನ ಸಲ ಬಂದಾಗ.

ನಿದ್ರೆ ಮಾತ್ರೆಯನ್ನು ಕೆಲವು ವಾರಗಳಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸಿದೆವು. ಈಗ ರಾತ್ರಿ ಐದು ಗಂಟೆ ಮಲಗುತ್ತಾರೆ. ಪತ್ನಿಯ ನೆನಪಿನಿಂದ ಎಚ್ಚರವಾಗುವ ರಾತ್ರಿಗಳು ಈಗಲೂ ಇವೆ. ಇದೆಲ್ಲ ಬೆಂಡೆಕಾಯಿಯ ಮಹಿಮೆ ಎಂದು ನಾನು ಹೇಳುವುದಿಲ್ಲ. ಕಾಲವೂ ಕೆಲಸ ಮಾಡಿರಬೇಕು, ಮೊಮ್ಮಗಳೂ, ಆ ಗೆಳೆಯರ ಫೋನೂ. ಆದರೆ ಆ ಫೋನು ಬರಲು ಒಂದು ಕಾರ್ಡು ಹೋಗಬೇಕಾಗಿತ್ತು.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹವ್ಯಾಸ ಔಷಧಕ್ಕೆ ಜೊತೆಗಾರ, ಬದಲಿಯಲ್ಲ. ಈ ಅಂಕಣ ಓದಿ ಯಾರೂ ನಿದ್ರೆ ಮಾತ್ರೆಯನ್ನಾಗಲೀ ಖಿನ್ನತೆಯ ಮಾತ್ರೆಯನ್ನಾಗಲೀ ದಿಢೀರನೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿಯೇ ಇಳಿಸಿ. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದು ಸೋಮಾರಿತನವಲ್ಲ, ಚಿಕಿತ್ಸೆ ಬೇಕಾದ ಕಾಯಿಲೆಯಿರಬಹುದು. ಬದುಕೇ ಬೇಡವೆಂಬ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಪ್ರಮುಖ ಕೇಂದ್ರ.

ಉಳಿದವರಿಗೆ ನನ್ನ ಚೀಟಿ ಇಷ್ಟೇ. ಈ ಭಾನುವಾರ ತರಕಾರಿ ಹೆಚ್ಚುವಾಗ ಒಂದು ಬೆಂಡೆಕಾಯಿ ತೆಗೆದಿಡಿ. ಕಳೆದ ವರ್ಷದ ಲಗ್ನಪತ್ರಿಕೆಯೊಂದನ್ನು ಹುಡುಕಿ, ಖಾಲಿ ಬದಿಯಲ್ಲಿ ಮೂರು ಹೂವು ಒತ್ತಿ. ಒಂದು ಸೊಟ್ಟಗೆ ಬಂದೇ ಬರುತ್ತದೆ, ಬರಲಿ. ಅದು ಒಣಗುವಷ್ಟರಲ್ಲಿ ಬಹಳ ದಿನಗಳಿಂದ ಮಾತಾಡಿಸದ ಒಬ್ಬರ ವಿಳಾಸವನ್ನು ಹಳೆಯ ಡೈರಿಯಿಂದ ತೆಗೆದಿಟ್ಟುಕೊಳ್ಳಿ.